ಅಂಗ ಸಿಕ್ಕಿತು, ಲಸಿಕೆ ಮರೆತೇಹೋಯಿತು

2013ರಲ್ಲಿ ದೇಶದಾದ್ಯಂತ ನಡೆದ ಅಂಗಾಂಗ ಕಸಿಗಳ ಸಂಖ್ಯೆ 5,000 ಮುಟ್ಟಿರಲಿಲ್ಲ. 2023ರಲ್ಲಿ ಅದು 18,000 ದಾಟಿತು. ಕರ್ನಾಟಕದಲ್ಲಿ ಅಂಗಾಂಗ ದಾನದ ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’ ಈ ಕೆಲಸವನ್ನು ಮುನ್ನಡೆಸುತ್ತಿದೆ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಹೆತ್ತವರು ಐಸಿಯು ಬಾಗಿಲಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ. ಪೊಲೀಸರು ಸಿಗ್ನಲ್ ತಡೆದು ಆಂಬುಲೆನ್ಸ್‌ಗೆ ದಾರಿ ಮಾಡಿಕೊಡುತ್ತಾರೆ. ಇಷ್ಟೆಲ್ಲ ಪಾಡುಪಟ್ಟು ಉಳಿಸಿಕೊಂಡ ಜೀವವನ್ನು ತಡೆಯಬಹುದಾದ ಒಂದು ಫ್ಲೂ ಜ್ವರದ, ಒಂದು ನ್ಯುಮೋನಿಯಾದ ಬಾಯಿಗೆ ಬಿಡುವುದು ಅಕ್ಷಮ್ಯ. ಕಸಿಯಾದವರಿಗೆ ಕೊಡಿಸಬೇಕಾದ ಲಸಿಕೆಗಳ ಹೊಣೆಯನ್ನು ನಮ್ಮ ವ್ಯವಸ್ಥೆಯಲ್ಲಿ ಯಾರೂ ಹೊತ್ತುಕೊಂಡಿಲ್ಲ.

ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟಿರಾಯ್ಡ್‌ನಂತಹ ಮಾತ್ರೆಗಳನ್ನು ದಿನವೂ ನುಂಗಬೇಕು. ಅವು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತವೆ. ಹೀಗಾಗಿ ಕಸಿಯ ನಂತರ ಹಾಕಿದ ಲಸಿಕೆ ಪೂರ್ತಿ ಫಲ ಕೊಡುವುದಿಲ್ಲ; ಕಸಿಗೆ ಮೊದಲೇ ಹಾಕಿಸುವುದು ಒಳ್ಳೆಯದು. ಆ ಅವಕಾಶ ನಮ್ಮ ಕಣ್ಣೆದುರೇ ಕೈತಪ್ಪುತ್ತಿದೆ. ಕಿಡ್ನಿಗಾಗಿ ಕಾಯುವವರು ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ತಾಸು ಡಯಾಲಿಸಿಸ್ ಕುರ್ಚಿಯಲ್ಲಿ ಕೂತಿರುತ್ತಾರೆ, ಪಕ್ಕದಲ್ಲೇ ನರ್ಸ್ ಇರುತ್ತಾರೆ. ಇಂಥವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಆಮೇಲೆ ರಕ್ತ ಪರೀಕ್ಷಿಸಿ ರಕ್ಷಣೆ ಬಂದಿದೆಯೇ ಎಂದು ನೋಡಬೇಕು. ಆದರೆ ಆ ಪರೀಕ್ಷೆಯ ಚೀಟಿ ಎಷ್ಟು ಜನರ ಫೈಲಿನಲ್ಲಿದೆ?

‘ಲಸಿಕೆ ಹಾಕಿಸಿದರೆ ಕಿಡ್ನಿ ರಿಜೆಕ್ಟ್ ಆಗುತ್ತದಂತೆ’ ಎಂಬ ಮಾತು ರೋಗಿಯಿಂದ ರೋಗಿಗೆ ಹಬ್ಬುತ್ತಿದೆ. ಈವರೆಗಿನ ಅಧ್ಯಯನಗಳು ಈ ಭಯವನ್ನು ಸಮರ್ಥಿಸಿಲ್ಲ. ಕಸಿಯಾದ ಅಂಗಕ್ಕೆ ನಿಜವಾಗಿ ಕುತ್ತು ತರುವುದು ಸೋಂಕು. ಫ್ಲೂ ಚುಚ್ಚುಮದ್ದು ಪ್ರತಿವರ್ಷ ಬೇಕು. ನ್ಯುಮೊಕಾಕಲ್ ಲಸಿಕೆಯೂ ಬೇಕು. ಕಸಿಯಾಗಿ ಮೂರರಿಂದ ಆರು ತಿಂಗಳ ಬಳಿಕ ಇವನ್ನು ಆರಂಭಿಸುವುದು ವಾಡಿಕೆ, ಫ್ಲೂ ಲಸಿಕೆಯನ್ನು ಇನ್ನೂ ಬೇಗ ಕೊಡಬಹುದು. ದಡಾರ, ಚಿಕನ್‌ಪಾಕ್ಸ್, ಹಳದಿ ಜ್ವರದಂತಹ ಜೀವಂತ (ದುರ್ಬಲಗೊಳಿಸಿದ ವೈರಸ್ ಇರುವ) ಲಸಿಕೆಗಳನ್ನು ಮಾತ್ರ ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಸರ್ಪಸುತ್ತು ಎದ್ದರೆ ಇಂದಿಗೂ ಕೆಮ್ಮಣ್ಣು ಹಚ್ಚುವ ಮನೆಗಳಿವೆ. ಪ್ರತಿರೋಧ ಶಕ್ತಿ ಕುಗ್ಗಿದವರಿಗೆ ಅದು ಘೋರ ನೋವಿನ ಕಾಯಿಲೆ. ಅದಕ್ಕೆ ಜೀವಂತ ವೈರಸ್ ಇಲ್ಲದ ಲಸಿಕೆ ಈಗ ದೇಶದಲ್ಲೇ ಸಿಗುತ್ತಿದೆ, ಆದರೆ ಬೆಲೆ ಸಾವಿರಗಟ್ಟಲೆ.

ಮನೆಯವರ ವಿಚಾರವಂತೂ ಯಾರ ಗಮನಕ್ಕೂ ಬಂದಂತಿಲ್ಲ. ಜೊತೆಗಿರುವವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡರೆ ರೋಗಿಗೂ ರಕ್ಷಣೆ. ಪಲ್ಸ್ ಪೋಲಿಯೊ ಭಾನುವಾರ ಮೊಮ್ಮಗು ಹನಿ ಹಾಕಿಸಿಕೊಂಡು ಬರುತ್ತದೆ; ಆ ಹನಿಯಲ್ಲಿರುವ ದುರ್ಬಲಗೊಳಿಸಿದ ವೈರಸ್ ಕೆಲವು ವಾರ ಮಲದಲ್ಲಿ ಹೊರಬೀಳುತ್ತದೆ. ಕಿಡ್ನಿ ಕಸಿಯಾದ ಅಜ್ಜಿ ಆ ದಿನಗಳಲ್ಲಿ ಮಗುವಿನ ಲಂಗೋಟಿ ಬದಲಿಸಬಾರದು. ಹಾಗೆಂದು ಮಗುವಿನ ಲಸಿಕೆ ತಪ್ಪಿಸುವುದು ಸಲ್ಲದು. ಆದರೆ ಮೊದಲೇ ಕಸಿ ವೈದ್ಯರನ್ನು ಕೇಳಬೇಕು. ಡಿಸ್ಚಾರ್ಜ್ ಪತ್ರದಲ್ಲಿ ಮನೆಯವರಿಗೆ ಇದನ್ನೆಲ್ಲ ತಿಳಿಸಲು ಎರಡು ಸಾಲು ಸಾಕು.

ಬಡ ಕುಟುಂಬಗಳ ಕಸಿಗೆ, ಬಳಿಕದ ಮಾತ್ರೆಗಳಿಗೆ ರಾಜ್ಯ ಸರ್ಕಾರ ನೆರವು ಕೊಡುತ್ತಿರುವುದು ದೊಡ್ಡ ಕೆಲಸ. ಅದೇ ನೆರವಿನಲ್ಲಿ ಲಸಿಕೆಗಳಿಗೂ ಸ್ಪಷ್ಟವಾದ ಪಾಲು ಇರಬೇಕು. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಮುಖ್ಯವಾಗಿ ಮಕ್ಕಳು ಮತ್ತು ಗರ್ಭಿಣಿಯರಿಗೆ ರೂಪುಗೊಂಡಿದೆ. ವಯಸ್ಕ ರೋಗಿ ಅದರ ಲೆಕ್ಕದಲ್ಲಿಲ್ಲ. ಕೋವಿಡ್ ಕಾಲದಲ್ಲಿ ಊರೂರಿಗೂ ಲಸಿಕೆ ಮುಟ್ಟಿಸಿದ ಆರೋಗ್ಯ ಇಲಾಖೆಗೆ ಇದು ಆಗದ ಕೆಲಸವೇನಲ್ಲ. ಕಾಯುವವರ ಪಟ್ಟಿಗೆ ಹೆಸರು ಸೇರುವ ದಿನವೇ ಲಸಿಕೆಯ ಕಾರ್ಡ್ ತೆರೆಯಲಿ. ಅದರ ನಕಲು ತಾಲ್ಲೂಕು ಆಸ್ಪತ್ರೆಗೂ ಹೋಗಲಿ. ಮಳೆಗಾಲದ ಜೊತೆ ಫ್ಲೂ ಏರುತ್ತದೆ, ಚುಚ್ಚುಮದ್ದು ಫಲ ಕೊಡಲು ಎರಡು ವಾರ ಬೇಕು. ಆದ್ದರಿಂದ ಮುಂದಿನ ವರ್ಷದ ಡೋಸ್‌ಗಳು ಮೇ ತಿಂಗಳ ಮೊದಲ ವಾರಕ್ಕೆ ಡಯಾಲಿಸಿಸ್ ಮತ್ತು ಕಸಿ ಕೇಂದ್ರಗಳ ಫ್ರಿಜ್‌ನಲ್ಲಿ ಇರಲೇಬೇಕು.