ಬಕೀಟಿನ ಮೇಲಿನ ಹೂವು

ಬಾಲಾನಗರಕ್ಕೆ ಸಂಸಾರ ಹೂಡಲು ಬಂದಾಗ ನಮ್ಮ ತಾಯಿಯವರು ಬೀದರಿನಿಂದ ಕೊಟ್ಟು ಕಳಿಸಿದ್ದ ತಗಡಿನ ಬಕೀಟು ಅಟ್ಟ ಸೇರಿತ್ತು. ಹೋದ ಭಾನುವಾರ ಅದನ್ನು ಗುಜರಿಗೆ ಹಾಕಹೊರಟೆವು. ಮಗಳು ಅಡ್ಡ ಬಂದಳು: “ಅಪ್ಪಾ, ಇದರ ಮೇಲೆ ಹೂವು ಬರೆದವರು ಯಾರು?”

ದಿನವೆಲ್ಲ ಕಡತಗಳಿಗೆ ಉತ್ತರ ಬರೆಯುವ ನಾವು ತಡವರಿಸಿದೆವು. ಓದಿ ನೋಡಿದಾಗ ತಿಳಿಯಿತು, ಬರೆದವರು ಯಾರೂ ಇಲ್ಲ! ತುಕ್ಕು ಹಿಡಿಯದಿರಲೆಂದು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುತ್ತಾರೆ. ಕಾವು ಸುಮಾರು 420 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಾಗ ಸತು ಅಲ್ಲಲ್ಲಿ ಹರಳುಗಟ್ಟುತ್ತದೆ. ಪ್ರತಿಯೊಂದು ಹರಳೂ ಕವಲೊಡೆದು, ನೆರೆಯ ಹರಳನ್ನು ಮುಟ್ಟುವ ತನಕ ಹಬ್ಬುತ್ತದೆ. ಒಂದೊಂದರ ದಿಕ್ಕೂ ಬೇರೆಯಾದ್ದರಿಂದ ಒಂದು ಮಿನುಗಿದರೆ ಇನ್ನೊಂದು ಮಂಕು.

ಮಗಳಿಗೆ ಬೀದರ್ ಎಂದರೆ ಗಾಜಿನ ಬೀರುವಿನೊಳಗಿನ ಬಿದರಿ ಹೂದಾನಿ. ಅದೂ ಬಹುಪಾಲು ಸತುವೇ, ಜೊತೆಗೆ ಕೊಂಚ ತಾಮ್ರ. ಕುಶಲಕರ್ಮಿ ಅದರಲ್ಲಿ ಬಳ್ಳಿ ಕೊರೆದು ಬೆಳ್ಳಿ ಕೂರಿಸುತ್ತಾನೆ. ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬಳಸಿ ಮೈ ಕಪ್ಪಾಗಿಸುತ್ತಾನೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಲೋಹ ಒಂದೇ. ಒಂದರಲ್ಲಿ ಹೂವು ತಾನೇ ಅರಳಿತು, ಇನ್ನೊಂದರಲ್ಲಿ ಕೈ ಅರಳಿಸಿತು. ಒಂದಕ್ಕೆ ಬೀರು, ಇನ್ನೊಂದಕ್ಕೆ ಗುಜರಿ ಎಂದ ನಮ್ಮ ತೀರ್ಪೇ ತಪ್ಪಿತ್ತು.

ಬಕೀಟು ಈಗ ಹೂದಾನಿಯ ಪಕ್ಕದಲ್ಲಿದೆ. ವಾಚಕ ಮಿತ್ರರೇ, ನಿಮ್ಮ ಅಟ್ಟವನ್ನೂ ಒಮ್ಮೆ ನೋಡಿ.