ಪೂರ್ತಿ ಹೆಸರು ಹೇಳಿ

ಎಂ.ಎ. ಭಾಷಾವಿಜ್ಞಾನಕ್ಕೆಂದು ತುಮಕೂರು ಕಡೆಯಿಂದ ಹೈದರಾಬಾದಿಗೆ ಬಂದಾಗ ಮೊದಲ ದಿನವೇ ಒಬ್ಬೊಬ್ಬರಾಗಿ ಎದ್ದು ನಿಂತು ಪರಿಚಯ ಹೇಳಿಕೊಳ್ಳಬೇಕಾಯಿತು. ಹೆಸರು, ಊರು, ಮಾತೃಭಾಷೆ, ಹವ್ಯಾಸ. ಎಲ್ಲವೂ ಇಂಗ್ಲಿಷಿನಲ್ಲಿ. ನನ್ನ ಸರದಿ ಬರುವವರೆಗೆ ಉಳಿದವರು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ, ನನ್ನ ವಾಕ್ಯಗಳನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ನನ್ನದು ಮುಗಿದ ಮೇಲೂ ಬೀಳಲಿಲ್ಲ, ಎಲ್ಲಿ ತಪ್ಪಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಮೂವತ್ತು ಜನರ ಪರಿಚಯವಾಯಿತು ಎಂದು ಆವತ್ತು ಎಲ್ಲರೂ ಅಂದುಕೊಂಡೆವು. ಯಾರ ಪರಿಚಯವೂ ಆಗಿರಲಿಲ್ಲ.

ಹೆಸರಿನದೇ ಒಂದು ಕಥೆ. ನನ್ನ ಹೆಸರಿಗೆ ಎರಡು ಇನಿಶಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು. ಅರ್ಜಿಯಲ್ಲಿ ಲಾಸ್ಟ್ ನೇಮ್ ಖಾಲಿ ಬಿಡಲು ಬರುವುದಿಲ್ಲವಾದ್ದರಿಂದ ಅಲ್ಲಿ ಅಪ್ಪನ ಹೆಸರು ತುಂಬಿದ್ದೆ. ಹೀಗಾಗಿ ಎರಡು ವರ್ಷ ಹಾಜರಿ ಕೂಗುವಾಗ ನಮ್ಮಪ್ಪ ತರಗತಿಯಲ್ಲಿದ್ದರು. ತೆಲುಗು ಗೆಳೆಯರ ಲೆಕ್ಕವೇ ಬೇರೆ. ಅವರಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮುಂದೆ ಬರುತ್ತದೆ. ಎಷ್ಟೋ ಇಂಟಿಪೇರುಗಳು ಊರ ಹೆಸರುಗಳೇ. ಅವರು ನನ್ನ ಊರನ್ನೇ ನನ್ನ ಮನೆತನ ಮಾಡಿದರು. ಅದರಿಂದ ನನಗೇನೂ ನಷ್ಟವಾಗಲಿಲ್ಲ, ನಗು ಬಂತು ಅಷ್ಟೆ.

ಎಲ್ಲರಿಗೂ ನಗು ಬರುವುದಿಲ್ಲ. 'ಪೂರ್ತಿ ಹೆಸರು ಏನು?' ಎಂಬ ಪ್ರಶ್ನೆ ಹಲವು ಸಲ ಹೆಸರಿನ ಬಗ್ಗೆ ಕೇಳಿದ್ದಾಗಿರುವುದಿಲ್ಲ. ಕುಲಕರ್ಣಿ, ರೆಡ್ಡಿ, ಶಾಸ್ತ್ರಿ ಎಂದರೆ ಅಲ್ಲಿಗೆ ನಿಲ್ಲುತ್ತದೆ. ಬರೀ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಅಪ್ಪ ಏನು ಮಾಡುತ್ತಾರೆ, ಊರಲ್ಲಿ ಮನೆ ಎಲ್ಲಿ, ಯಾವ ರ‍್ಯಾಂಕಿನಲ್ಲಿ ಸೀಟು ಸಿಕ್ಕಿತು. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡ ಮೇಲೆ ಈ ಊರಿನ ಕ್ಯಾಂಪಸ್ಸುಗಳಲ್ಲಿ ಜಾತಿಯ ಮಾತು ಬಹಿರಂಗವಾಗಿಯೇ ನಡೆದಿದೆ. ಅದೇ ವರ್ಷ ಯುಜಿಸಿ ತನ್ನ 2009ರ ರ‍್ಯಾಗಿಂಗ್ ನಿಯಮಗಳಿಗೆ ತಿದ್ದುಪಡಿ ತಂದು, ಜಾತಿ, ಧರ್ಮ, ಪ್ರದೇಶ, ಭಾಷೆಯ ನೆಲೆಯಲ್ಲಿ ಸಹಪಾಠಿಯನ್ನು ಹೀಯಾಳಿಸುವುದನ್ನೂ ರ‍್ಯಾಗಿಂಗ್ ಎಂದಿತು. ಹಾಸ್ಟೆಲಿನಲ್ಲಿ ರ‍್ಯಾಗಿಂಗಿಗೆ ಇರುವ ಮುದ್ದಿನ ಹೆಸರು 'ಇಂಟ್ರೋ' ಎಂಬುದನ್ನು ಇಲ್ಲಿ ನೆನಪಿಸಬೇಕು. ಸೀನಿಯರು 'ಇಂಟ್ರೋ ಕೊಡು' ಅನ್ನುವುದಕ್ಕೂ ಮೇಷ್ಟ್ರು 'ಪರಿಚಯ ಮಾಡಿಕೊಳ್ಳಿ' ಅನ್ನುವುದಕ್ಕೂ ಉದ್ದೇಶದಲ್ಲಿ ಅಜಗಜಾಂತರವಿದೆ, ನಿಜ. ಆದರೆ ಎದ್ದು ನಿಂತವರ ಪಾಡು ಎರಡರಲ್ಲೂ ಒಂದೇ. ಕೇಳುವವರು ಕೂತಿರುತ್ತಾರೆ, ಪ್ರಶ್ನೆ ಅವರದು, ಯೋಚಿಸಲು ಸಮಯವಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು. ಈ ಎದ್ದು ನಿಲ್ಲಿಸುವ ಪದ್ಧತಿ ಬಿಡಬೇಕು. ಒಂದು ವಾರ ಸಮಯ ಕೊಟ್ಟು, ಒಂದು ಪುಟ ಬರೆಯಲು ಹೇಳಬೇಕು. ಕಾಲಂಗಳು ಬೇಡ. ಬೇಕಾದ್ದು ಬರೆಯಲಿ, ಬೇಡದ್ದು ಬಿಡಲಿ, ಬೇಕಾದ ಭಾಷೆಯಲ್ಲಿ ಶುರುಮಾಡಲಿ.

ತನ್ನ ಪರಿಚಯವನ್ನು ತಾನೇ ಬರೆದು ನಿಲ್ಲಿಸುವುದು ಈ ಸೀಮೆಗೆ ಹೊಸದಲ್ಲ. ಕರೀಂನಗರ ಜಿಲ್ಲೆಯ ಗಂಗಾಧರದ ಹತ್ತಿರ ಕುರ್ಕ್ಯಾಲ ಎಂಬ ಊರಿದೆ. ಅಲ್ಲಿನ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ 10ನೇ ಶತಮಾನದಲ್ಲಿ ಬರೆಸಿದ ಶಾಸನವಿದೆ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಅವನ ಹಿರಿಯರ ಊರು ವಂಗಿಪರ‍್ರು ಎಂಬ ವಿವರಗಳು ಅದರಲ್ಲಿವೆ. ನನಗೆ ಇಷ್ಟವಾಗುವುದು ಅದರ ಭಾಷೆ: ಸಂಸ್ಕೃತ, ಕನ್ನಡ, ತೆಲುಗು ಮೂರೂ ಅಲ್ಲಿವೆ. ಆ ಬೆಟ್ಟದ ಕೆಳಗೆ ಹಾದುಹೋಗುವವರು ಯಾರು ಯಾರು ಎಂದು ಯೋಚಿಸಿದವನ ಕೆಲಸ ಅದು. ಜಿನವಲ್ಲಭನನ್ನು ಆದರ್ಶ ಮಾಡಲೂ ನಾನು ಸಿದ್ಧವಿಲ್ಲ. ಜೈನ ಮನೆತನವಾದರೂ ಗೋತ್ರ ಪ್ರವರಗಳನ್ನು ಅವನು ಬಿಟ್ಟಿಲ್ಲ. ಹೇಳಿಕೊಂಡರೆ ಗೌರವ ಹೆಚ್ಚುವಂಥದ್ದನ್ನು ಯಾರು ತಾನೇ ಬಿಡುತ್ತಾರೆ?

ಕಳೆದ ವರ್ಷ ಇಲ್ಲೊಂದು ಸಣ್ಣ ಅನುವಾದ ಕಮ್ಮಟ ನಡೆಸುವಾಗ ಹನ್ನೆರಡು ಜನರಿಂದ ಇಂಥ ಪುಟ ಬರೆಸಿದೆ. ಬೀದರ್ ಕಡೆಯ ಹುಡುಗಿಯೊಬ್ಬಳು ಬೈಗುಳ ಲಂಬಾಣಿಯಲ್ಲಿ, ಮಗ್ಗಿ ಕನ್ನಡದಲ್ಲಿ, ಚೌಕಾಸಿ ದಖ್ಖನಿಯಲ್ಲಿ, ಈಗ ಬಸ್ಸಿನಲ್ಲಿ ಜಗಳ ತೆಲುಗಿನಲ್ಲಿ ಎಂದು ಬರೆದಿದ್ದಳು. ನಮ್ಮ ಜನಗಣತಿ ಒಂದು ಮಾತೃಭಾಷೆ, ಅದರ ಜೊತೆ ಗೊತ್ತಿರುವ ಇನ್ನೆರಡು ಭಾಷೆ ಕೇಳಿ ಸುಮ್ಮನಾಗುತ್ತದೆ. ಅವಳ ನಾಲ್ಕನೆಯದಕ್ಕೆ ಅಲ್ಲಿ ಜಾಗವಿಲ್ಲ. ಎದ್ದು ನಿಲ್ಲಿಸಿದ್ದರೆ ಅವಳು 'ಮದರ್ ಟಂಗ್ ಕನ್ನಡ' ಎಂದು ಕೂತುಬಿಡುತ್ತಿದ್ದಳು. ಹಾಗೆಂದು ಅವಳೇ ಆಮೇಲೆ ಹೇಳಿದಳು. ಇನ್ನೊಬ್ಬ ಮೂರೇ ಸಾಲು ಬರೆದ. ಮೂರೂ ಬಿರಿಯಾನಿಯ ಬಗ್ಗೆ. ಅವನ ಬಗ್ಗೆ ನಮಗೆ ಕೊನೆಯವರೆಗೂ ಹೆಚ್ಚೇನೂ ಗೊತ್ತಾಗಲಿಲ್ಲ. ಅದು ಅವನ ಇಷ್ಟ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಬರೆದ ಪುಟವನ್ನು ಇಪ್ಪತ್ತೊಂಬತ್ತರಲ್ಲಿ ಕೆಲಸ ಕೊಡುವವರು ಓದಬಾರದು. ಒಪ್ಪುತ್ತೇನೆ. ಪುಟ ತರಗತಿಯೊಳಗೇ ಇರಬೇಕು, ಸೆಮಿಸ್ಟರ್ ಮುಗಿದಾಗ ಬರೆದವರ ಕೈಗೆ ವಾಪಸ್ ಹೋಗಬೇಕು. ಕಮ್ಮಟದ ಕೊನೆಯ ದಿನ ನಾನೂ ಹಾಗೇ ವಾಪಸ್ ಕೊಟ್ಟೆ. ಬಿರಿಯಾನಿ ಹುಡುಗ ಮಾತ್ರ ತನ್ನದನ್ನು ತೆಗೆದುಕೊಳ್ಳದೆ ಮೇಜಿನ ಮೇಲೇ ಬಿಟ್ಟು ಹೋದ. ಹಿಂದೆ ಇನ್ನೆರಡು ಸಾಲು ಸೇರಿಸಿದ್ದ. ಅದು ತರಗತಿಗೆ ಬರೆದದ್ದು, ಇಲ್ಲಿ ಹೇಳುವುದಿಲ್ಲ.