ಊಟ ಕೇಳುವ ನಾಲ್ಕು ಮಾತು

ಪೋರ್ಚುಗಲ್‌ಗೆ ಹೊರಟವರು ಅಲ್ಲಿನ ಭಾಷೆಯಲ್ಲಿ ಊಟ ಕೇಳಲು ನಾಲ್ಕು ಮಾತು ಕಲಿಯಬೇಕೆ? ಲಿಸ್ಬನ್‌ನ ಪ್ರವಾಸಿ ಬೀದಿಗಳಲ್ಲಿ ಬಡಿಸುವವರಿಗೆ ಇಂಗ್ಲಿಷ್ ಬರುತ್ತದೆ, ಮೆನು ಓದಿ ಹೇಳಲು ಫೋನಿದೆ. ಆದರೂ ಕಲಿಯಲೇಬೇಕು ಎನ್ನುತ್ತೇನೆ. ಬೆಂಗಳೂರಿಗೆ ಬಂದವರು ಎರಡು ಮಾತಾದರೂ ಕನ್ನಡ ಆಡಲಿ ಎಂದು ಬಯಸುವ ನಾವು ಇನ್ನೊಬ್ಬರ ಊರಿಗೆ ಹೋದಾಗ ಆ ಬಯಕೆಯನ್ನು ಮರೆಯುವುದು ನ್ಯಾಯವಲ್ಲ. ನನ್ನ ತಕರಾರು ಇರುವುದು ಕಲಿಸುವ ಕ್ರಮದ ಬಗ್ಗೆ.

ಪ್ರವಾಸಿ ಕೈಪಿಡಿಗಳು ಬಹುಪಾಲು ನಾವು ಆಡಬೇಕಾದ ಮಾತನ್ನಷ್ಟೇ ಕೊಡುತ್ತವೆ. ‘ಕೆರಿಯಾ ಉಂ ಕಫೆ’ (ಒಂದು ಕಾಫಿ ಬೇಕಿತ್ತು), ‘ಆ ಕೊಂತ, ಪೊರ್ ಫವೋರ್’ (ದಯವಿಟ್ಟು ಬಿಲ್ ಕೊಡಿ). ಇವು ಒಂದು ಸಂಜೆಯಲ್ಲಿ ಬಾಯಿಗೆ ಬರುತ್ತವೆ. ಕಷ್ಟ ಶುರುವಾಗುವುದು ಎದುರಿನವರು ಉತ್ತರ ಕೊಟ್ಟಾಗ. ಪೋರ್ಚುಗಲ್‌ನವರು ಒತ್ತಿಲ್ಲದ ಸ್ವರಗಳನ್ನು ನುಂಗಿ ಮಾತಾಡುತ್ತಾರೆ. ಸ್ವರಗಳನ್ನೆಲ್ಲ ಬಿಡಿಸಿ ಹೇಳುವ ಕನ್ನಡಕ್ಕೆ ಪಳಗಿದ ಕಿವಿಗೆ ಪದ ಎಲ್ಲಿ ಮುಗಿಯಿತೆಂದೇ ತಿಳಿಯದು. ಆ್ಯಪ್‌ಗಳಲ್ಲಿ ಸುಲಭವಾಗಿ ಸಿಗುವ ಬ್ರೆಜಿಲ್‌ನ ಉಚ್ಚಾರಣೆಯೂ ಬೇರೆ, ಎಷ್ಟೋ ಪದಗಳೂ ಬೇರೆ. ಬ್ರೆಜಿಲ್‌ನ ‘ಕಾರ್ದಾಪಿಯು’ ಪೋರ್ಚುಗಲ್‌ನಲ್ಲಿ ‘ಇಮೆಂತ’, ಎರಡೂ ಮೆನುವೇ. ಇನ್ನು ಅಲೆಂತೇಜು ಕಡೆಯ ಸಣ್ಣ ಊರಿನ ‘ತಾಶ್ಕ’ಗಳಲ್ಲಿ, ಅಂದರೆ ಅಗ್ಗದ ಸಾದಾ ಊಟದ ಮನೆಗಳಲ್ಲಿ, ಆ ಹೊತ್ತಿನ ಅಡುಗೆಯನ್ನು ಬಾಯಲ್ಲೇ ಹೇಳುವುದುಂಟು. ಫೋನಿನ ಕ್ಯಾಮೆರಾ ಹಿಡಿಯಲು ಅಲ್ಲಿ ಅಕ್ಷರವೇ ಇರದು.

ಸಸ್ಯಾಹಾರಿಗಳಂತೂ ಇದನ್ನು ಹಗುರವಾಗಿ ಬಿಡುವಂತಿಲ್ಲ. ‘ಕಾಲ್ದು ವೇರ್ದ್’ ಎಂಬ ಸೂಪಿಗೆ ಆಲೂಗಡ್ಡೆ, ಸಣ್ಣಗೆ ಹೆಚ್ಚಿದ ಸೊಪ್ಪು ಹಾಕುತ್ತಾರೆ. ಬಣ್ಣ ಹಸಿರು, ಹೆಸರಿನಲ್ಲೂ ಹಸಿರು. ಅದರ ಮೇಲೆ ಹಂದಿಮಾಂಸದ ‘ಶೋರೀಸು’ ಬಿಲ್ಲೆ ತೇಲುತ್ತಿರುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ‘ಬಕಲ್ಯಾವ್’ ಮೀನು ಬಂದೀತು, ಏಕೆಂದರೆ ಮೀನನ್ನು ಅಲ್ಲಿ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ಕಾರಿ ಕ್ಯಾಂಟೀನುಗಳಲ್ಲಿ ಸಸ್ಯಾಹಾರ ಇರಲೇಬೇಕೆಂದು 2017ರಲ್ಲಿ ಕಾನೂನು ಬಂತು, ಖಾಸಗಿ ಹೋಟೆಲಿಗೆ ಅದು ತಾಗದು. ಹಾಗಾಗಿ ‘ನಾನು ಸಸ್ಯಾಹಾರಿ’ ಎಂಬ ಘೋಷಣೆಗಿಂತ ‘ಲೇವ ಶೋರೀಸು?’ (ಶೋರೀಸು ಹಾಕಿದ್ದೀರಾ?) ಎಂಬ ಪುಟ್ಟ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದಕ್ಕೆ ಬರುವ ಉತ್ತರ ‘ಸಿಂ’ ಅಥವಾ ‘ನಾಂವ್’: ಹೌದು, ಇಲ್ಲ. ಉತ್ತರ ನಮಗೆ ತಿಳಿಯುವಂತಿರಬೇಕು, ಪ್ರಶ್ನೆಯನ್ನು ಹಾಗೆ ಆರಿಸಿಕೊಳ್ಳಬೇಕು.

ಮಾತಿನ ಜೊತೆ ರೂಢಿಯನ್ನೂ ತಿಳಿಯಬೇಕು. ಕೂತ ಕೂಡಲೇ ಬ್ರೆಡ್, ಬೆಣ್ಣೆ, ಆಲಿವ್ ತಂದಿಡುತ್ತಾರೆ. ಅದಕ್ಕೆ ‘ಕುವೇರ್’ ಎನ್ನುತ್ತಾರೆ, ಪುಕ್ಕಟೆಯಲ್ಲ. ಕೇಳದೆ ತಂದದ್ದನ್ನು ಗಿರಾಕಿ ಮುಟ್ಟದಿದ್ದರೆ ದುಡ್ಡು ವಸೂಲಿ ಮಾಡುವಂತಿಲ್ಲ ಎಂದು 2015ರ ಕಾನೂನು ಹೇಳುತ್ತದೆ. ಬೇಡವಾದರೆ ‘ನಾಂವ್, ಒಬ್ರಿಗಾದು’ ಎನ್ನಿ, ಹೆಂಗಸರಾದರೆ ‘ಒಬ್ರಿಗಾದ’. ಯಾರೂ ತಪ್ಪು ತಿಳಿಯುವುದಿಲ್ಲ.

ಹೊರಡುವ ಮುನ್ನ ಆಡುವ ಮಾತಿಗೆ ಒಂದು ಗಂಟೆ ಕೊಟ್ಟರೆ ಕಿವಿಗೆ ಎರಡು ಗಂಟೆ ಕೊಡಿ. ಅಂಕಿಗಳು, ‘ಪ್ರಾತು ದು ದಿಯ’ (ದಿನದ ಊಟ), ‘ಅಕಬೋ’ (ಮುಗಿಯಿತು), ಇಷ್ಟನ್ನು ಲಿಸ್ಬನ್‌ನವರ ಬಾಯಿಂದಲೇ ಕೇಳಿ ಅಭ್ಯಾಸ ಮಾಡಿಕೊಳ್ಳಿ.